ಇ-ಖಾತಾ ಇದೆ ಅಂದಮಾತ್ರಕ್ಕೆ ಸ್ಟುಡಿಯೊ ಫ್ಲಾಟ್ ಸಕ್ರಮವಲ್ಲ

ಮಕ್ಕಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ಇಲ್ಲಿ ದಾವಣಗೆರೆಯ ಸೈಟ್ ಮಾರಿ ಅಲ್ಲೊಂದು ಸಣ್ಣ ಫ್ಲಾಟ್ ಹಿಡಿಯಬೇಕು ಅನ್ನುವ ಆತುರ ಹೆಚ್ಚಾಗಿದೆ. ಈ ಸಲವೂ ಬಹುಪಾಲು ಪತ್ರ ಅದರದೇ. ಮೂಲ ಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ತೆರಿಗೆ ರಸೀದಿ ನೋಡಬೇಕು ಅನ್ನುವುದನ್ನು ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ಸರ್, ಮಗಳು ಬೆಂಗಳೂರಲ್ಲಿದ್ದಾಳೆ. ಜಯನಗರದ ಒಂದು ಅಡ್ಡರಸ್ತೆಯಲ್ಲಿ, ಗಲಾಟೆಯಿಲ್ಲದ ಜಾಗದಲ್ಲಿ 420 ಚದರಡಿ ಸ್ಟುಡಿಯೊ ಫ್ಲಾಟ್ 42 ಲಕ್ಷಕ್ಕೆ ಬಂದಿದೆ. 40×60 ಸೈಟಿನ ಕಟ್ಟಡ, ನಾಲ್ಕನೇ ಮಹಡಿ. ಓಸಿ (ಕಟ್ಟಡ ನಕ್ಷೆಯಂತೆ ಇದೆ, ವಾಸಿಸಬಹುದು ಅನ್ನುವ ಪಾಲಿಕೆಯ ಪ್ರಮಾಣಪತ್ರ) ಇಲ್ಲ, ಆದರೆ ಇ-ಖಾತಾ ಬಂದಿರುವುದರಿಂದ ಎಲ್ಲ ಸಕ್ರಮ ಎನ್ನುತ್ತಾರೆ ಬ್ರೋಕರ್. ದಾವಣಗೆರೆ ನಿಜಲಿಂಗಪ್ಪ ಬಡಾವಣೆಯ ನಮ್ಮ ಸೈಟ್ ಮಾರಿ ಕೊಳ್ಳಬಹುದೇ? ಕಾಗದಪತ್ರ ಲಗತ್ತಿಸಿದ್ದೇನೆ. ಇವತ್ತೇ 2 ಲಕ್ಷ ಟೋಕನ್ ಕೇಳುತ್ತಿದ್ದಾರೆ.

ಉತ್ತರ: ಟೋಕನ್ ಕೊಡಬೇಡಿ. ಸೈಟನ್ನೂ ಮಾರಬೇಡಿ.

ನೀವು ಕಳಿಸಿದ ಮಂಜೂರಾತಿ ನಕ್ಷೆಯನ್ನು ನೀವೇ ಬಿಡಿಸಿ ನೋಡಿಲ್ಲ ಅನ್ನಿಸುತ್ತದೆ. ಅದರಲ್ಲಿರುವುದು ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, ಮಹಡಿಗೊಂದು ಮನೆ. ಕಟ್ಟಿರುವುದು ನಾಲ್ಕು ಮಹಡಿ, ಮಹಡಿಗೆ ನಾಲ್ಕರಂತೆ 16 ಸ್ಟುಡಿಯೊ. ನಿಮಗೆ ತೋರಿಸಿರುವ ಮಹಡಿ ನಕ್ಷೆಯಲ್ಲೇ ಇಲ್ಲ. ಹೀಗಿರುವಾಗ ಓಸಿ ಎಲ್ಲಿಂದ ಬರಬೇಕು?

ಇ-ಖಾತಾ ಅಂದರೆ ಪಾಲಿಕೆಯ ತೆರಿಗೆ ದಾಖಲೆ ಕಂಪ್ಯೂಟರಿಗೆ ಬಂದಿದೆ ಅಂತ ಅರ್ಥ, ಅಷ್ಟೇ. ಅದು ಮಾಲೀಕತ್ವವನ್ನು ಸಾಬೀತು ಮಾಡುವುದಿಲ್ಲ, ನಕ್ಷೆ ಮೀರಿ ಕಟ್ಟಿದ್ದನ್ನು ಮನ್ನಿಸುವುದೂ ಇಲ್ಲ. ‘ಅಕ್ರಮ ಸಕ್ರಮದಲ್ಲಿ ಆಗುತ್ತೆ ಬಿಡಿ’ ಅನ್ನುವ ಮಾತನ್ನೂ ನಿಮಗೆ ಹೇಳಿದ್ದಾರಂತೆ. ನಕ್ಷೆ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಸರ್ಕಾರಿ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿದೆ. ಅದರ ಹೆಸರು ಹೇಳಿಕೊಂಡು ಇವತ್ತೂ ಫ್ಲಾಟ್ ಮಾರುವವರು ಜನರಿಗೆ ಮೋಸ ಮಾಡುತ್ತಿದ್ದಾರೆ. 2024ರ ಡಿಸೆಂಬರ್ 17ರ ತೀರ್ಪಿನಲ್ಲಂತೂ ಅದೇ ನ್ಯಾಯಾಲಯ, ಓಸಿ ನೋಡಿದ ಮೇಲೆಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಎಂದು ಹೇಳಿದೆ. ಮುಂದಿನ ಸಲ ಹೋದಾಗ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ನೋಡಿ. ಮನೆ ಹದಿನಾರಿದ್ದು, ಬೆಸ್ಕಾಂ ಮೀಟರ್ ಮೂರೋ ನಾಲ್ಕೋ ಇದ್ದು, ಉಳಿದದ್ದೆಲ್ಲ ಸಬ್ ಮೀಟರ್ ಆಗಿದ್ದರೆ ಬ್ರೋಕರ್ ಹತ್ತಿರ ಮಾತೇ ಬೇಡ, ಇಳಿದು ಬನ್ನಿ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್ ಕೇಳಿದ್ದಕ್ಕೆ ‘ಬೇಕಾಗಿಲ್ಲ’ ಅಂದರಂತೆ. ಅದು ನಿಜವೇ. ಜಾಗ 500 ಚದರ ಮೀಟರ್ ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. 40×60 ಸೈಟ್ ಅಂದರೆ ಸುಮಾರು 223 ಚದರ ಮೀಟರ್. ಆದರೆ ಇದು ನಿಮಗೆ ಸಮಾಧಾನ ಕೊಡುವ ಸಂಗತಿಯಲ್ಲ. ನೋಂದಣಿಯಾದ ಯೋಜನೆಯಲ್ಲಾದರೆ ನಕ್ಷೆ, ಮಂಜೂರಾತಿ, ಗಡುವು ಎಲ್ಲ ರೇರಾ ಜಾಲತಾಣದಲ್ಲಿ ನೋಡಲು ಸಿಗುತ್ತವೆ. ಇಲ್ಲಿ ಬಿಲ್ಡರ್ ಹೇಳಿದ್ದೇ ವೇದ.

ಇನ್ನು ಅಳತೆ. ನಕ್ಷೆ ಹಿಡಿದು ನಾನೇ ಕೂಡಿಸಿದೆ: ಕೋಣೆ 12×18, ಬಚ್ಚಲು 4×8, ಅಡುಗೆ ಕಟ್ಟೆಯ ಜಾಗ 4×8. ಒಟ್ಟು 280 ಚದರಡಿ. ಉಳಿದ 140 ಅಡಿ ಮೆಟ್ಟಿಲು, ಓಣಿ, ಲಿಫ್ಟು, ಗೋಡೆಗಳ ಲೆಕ್ಕ. ಚದರಡಿಗೆ ಹತ್ತು ಸಾವಿರ ಅಂತ ಹೇಳಿದ್ದಾರೆ. ಮಗಳು ಓಡಾಡುವ ಜಾಗಕ್ಕೆ ನೀವು ಕೊಡುತ್ತಿರುವುದು ಹದಿನೈದು ಸಾವಿರ.

ಎಲ್ಲಕ್ಕಿಂತ ನನಗೆ ಸಿಟ್ಟು ಬಂದದ್ದು ಕ್ರಯಪತ್ರದ ಕರಡು ಓದಿದಾಗ. ಎ ಷೆಡ್ಯೂಲಿನಲ್ಲಿ ಇಡೀ ಸೈಟ್, ಸಿ ಷೆಡ್ಯೂಲಿನಲ್ಲಿ ನಿಮ್ಮ ಫ್ಲಾಟ್ ಇದೆ. ನಡುವೆ ಬಿ ಷೆಡ್ಯೂಲಿನಲ್ಲಿ, ನೆಲದಲ್ಲಿ ನಿಮಗೆ ಬರುವ ಅವಿಭಾಜ್ಯ ಪಾಲು ಎಷ್ಟು ಅಂತ ಬರೆಯಬೇಕಾದ ಕಡೆ ಬರೀ ಚುಕ್ಕಿಗಳಿವೆ. 2400 ಚದರಡಿಯನ್ನು ಹದಿನಾರು ಜನರಿಗೆ ಸಮ ಹಂಚಿದರೂ ನಿಮಗೆ ಸಿಗುವುದು 150. ನಾಳೆ ಪಾಲಿಕೆ ನಾಲ್ಕನೇ ಮಹಡಿ ಒಡೆಸಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಪಾಲು ಮಾತ್ರ. ಅದನ್ನೂ ಖಾಲಿ ಬಿಟ್ಟಿದ್ದಾರೆ! ನಿಮ್ಮ ದೂಡಾ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ) ಸೈಟಿನಲ್ಲಿ ಅಂಗುಲ ಅಂಗುಲವೂ ನಿಮ್ಮದು; ಅದನ್ನು ಕೊಟ್ಟು ಇದನ್ನು ತೆಗೆದುಕೊಳ್ಳಿ ಅಂತ ನಾನು ಯಾವ ತಂದೆಗೂ ಹೇಳಲಾರೆ.

ಗಲಾಟೆಯಿಲ್ಲದ ಜಾಗ ಅಂತ ನೀವು ಮೆಚ್ಚಿದ್ದು ಸರಿಯೇ, ಜಯನಗರದ ಒಳರಸ್ತೆಗಳು ಚೆನ್ನಾಗಿವೆ. ಆದರೆ ಮೂರು ಮನೆಯ ಜಾಗಕ್ಕೆ ಹದಿನಾರು ಸಂಸಾರ ಬಂದರೆ ಅವರ ಬೈಕುಗಳು ಎಲ್ಲಿ ನಿಲ್ಲುತ್ತವೆ, ನೀರು ಯಾವ ಬೋರಿನಿಂದ ಬರುತ್ತದೆ ಅಂತ ರಾತ್ರಿ ಎಂಟರ ಮೇಲೆ ಹೋಗಿ ನೋಡಿ. ಬ್ರೋಕರ್ ನಿಮ್ಮನ್ನು ಮಧ್ಯಾಹ್ನವೇ ಕರೆದುಕೊಂಡು ಹೋಗಿರುತ್ತಾರೆ.

ಸದ್ಯ ಮಗಳು ಬಾಡಿಗೆಗೆ ಇರಲಿ. ಕೊಳ್ಳಲೇಬೇಕೆಂದರೆ ಓಸಿ ಆಗಿರುವ, ರೇರಾ ನೋಂದಣಿಯಿರುವ ಕಟ್ಟಡದಲ್ಲಿ ನೋಡಿ. ಜಯನಗರ ಸಿಗದೆ ಇನ್ನಷ್ಟು ದೂರ ಹೋಗಬೇಕಾಗಬಹುದು, ಹೋಗಿ.

ಪ್ರಶ್ನೆ: ಕ್ರಯಪತ್ರದ ಬದಲು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಕೊಂಡರೆ ಖರ್ಚು ಉಳಿಯುತ್ತದಲ್ಲವೇ?

ಉತ್ತರ: ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ಸ್ಟುಡಿಯೊ ಬಾಗಿಲು ದಕ್ಷಿಣಕ್ಕಿದೆ, ತೊಂದರೆಯೇ?

ಉತ್ತರ: ಕಾನೂನು ದಿಕ್ಕು ನೋಡುವುದಿಲ್ಲ.

ಪ್ರಶ್ನೆ: ಬ್ಯಾಂಕ್ ಸಾಲ ಮಂಜೂರಾಗಿದೆ. ಹಾಗಾದರೆ ದಾಖಲೆ ಸರಿ ಇದೆ ಎಂದೇ ಅಲ್ಲವೇ?

ಉತ್ತರ: ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು. ಫ್ಲಾಟ್ ಕೈತಪ್ಪಿ ಹೋದರೂ ಕಂತು ಕಟ್ಟಬೇಕಾದವರು ನೀವು. ನಿಮ್ಮ ಪರವಾಗಿ ಓದುವ ವಕೀಲರನ್ನು ನೀವೇ ಹಿಡಿಯಿರಿ, ಬ್ರೋಕರ್ ತೋರಿಸಿದವರನ್ನಲ್ಲ.