ಪಗಾರ ಚೀಟಿಯಿಂದ ಕ್ಲಾಸು ಶುರು ಮಾಡಿ

ಪ್ರಶ್ನೆ: ಅಕ್ಕೋರೇ, ನಾನು ಕಾರವಾರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಫಿಟರ್. ಸ್ವಲ್ಪ ಓದಿದವ ಅಂತ ಯೂನಿಯನ್‌ನವರು ನನಗೆ ಭಾನುವಾರ ಸಂಜೆ ಕಾನೂನು ಕ್ಲಾಸ್ ತೆಗೆದುಕೊಳ್ಳೋಕೆ ಹೇಳಿದ್ದಾರೆ. ಮೊದಲ ವಾರ 26 ಮಂದಿ ಬಂದರು, ಮೂರನೇ ವಾರ ನಾಲ್ಕೇ ಜನ. ಕಾಯ್ದೆ ಪುಸ್ತಕ ಹಿಡಿದು ಒಂದೊಂದೇ ಸೆಕ್ಷನ್ ವಿವರಿಸುತ್ತೇನೆ. ತಪ್ಪು ಎಲ್ಲಿ?

ಉತ್ತರ: ಮೊದಲು ಆ ನಾಲ್ಕು ಮಂದಿಗೆ ನನ್ನ ನಮಸ್ಕಾರ ಹೇಳಿ. ವಾರಕ್ಕೊಂದೇ ರಜೆ, ಅದರಲ್ಲೂ ಸಂಜೆ ಸೆಕ್ಷನ್ ಕೇಳೋಕೆ ಮೂರನೇ ಸಲ ಬಂದಿದ್ದಾರೆ ಅಂದರೆ ಅವರನ್ನು ಬಿಡಬೇಡಿ.

ನಾನೂ ಇದೇ ತಪ್ಪು ಮಾಡಿದವಳು. ಕುಮಟಾದಲ್ಲಿ ಗೇರುಬೀಜದ ಕಾರ್ಖಾನೆ ಹೆಂಗಸರಿಗೆ ನನ್ನ ಮೊದಲ ಕ್ಲಾಸು. ಎರಡು ರಾತ್ರಿ ಕೂತು ನೋಟ್ಸ್ ಮಾಡಿದ್ದೆ. ಮುಕ್ಕಾಲು ಗಂಟೆ ಓದಿದೆ. ಎಲ್ಲರೂ ತಲೆ ಆಡಿಸಿದರು, ನನಗೋ ಭಾರೀ ಖುಷಿ. ಕೊನೆಗೆ ಹಿಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದರು. ಗೇರು ಎಣ್ಣೆಯಿಂದ ಕಪ್ಪಾದ ಬೆರಳಲ್ಲಿ ಒಂದು ಚೀಟಿ ಹಿಡಿದು, "ಅಕ್ಕೋರೇ, ಅದೆಲ್ಲ ಇರ್ಲಿ, ಈ ತಿಂಗಳು ನಂಗೆ ಇನ್ನೂರು ರೂಪಾಯಿ ಎಂತಕ್ಕೆ ಕಡಿಮೆ?" ಅಂದರು. ನನಗೆ ಗೊತ್ತಿರಲಿಲ್ಲ. ಚೀಟಿಯಲ್ಲಿ "ಇತರೆ" ಅಂತ ಇತ್ತು, ಅಷ್ಟೇ. ಅಂದಿನಿಂದ ಪುಸ್ತಕ ಚೀಲದೊಳಗೇ ಇರುತ್ತದೆ.

ಮುಂದಿನ ಭಾನುವಾರ ಹೀಗೆ ಮಾಡಿ ನೋಡಿ. ಎಲ್ಲರಿಗೂ ಪಗಾರ ಚೀಟಿ ತರೋಕೆ ಹೇಳಿ. ಅರ್ಧ ಜನರ ಹತ್ತಿರ ಇರೋದೇ ಇಲ್ಲ, ಅದೇ ನಿಮ್ಮ ಮೊದಲ ಪಾಠ: ಚೀಟಿ ಕೊಡೋದು ಮಾಲೀಕರ ಉಪಕಾರ ಅಲ್ಲ, ಕಾನೂನು. ಇದ್ದವರ ಚೀಟಿ ಮಧ್ಯದಲ್ಲಿಟ್ಟು ಮೊಬೈಲ್‌ನ ಕ್ಯಾಲ್ಕುಲೇಟರ್ ಅವರ ಕೈಗೇ ಕೊಡಿ. ನೀವು ಲೆಕ್ಕ ಮಾಡಬೇಡಿ, ಎಷ್ಟೇ ಕೈ ತುರಿಸಿದರೂ.

ಮೂಲವೇತನ, ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಅಂತ ಇಟ್ಟುಕೊಳ್ಳಿ, ಬೇರೆ ಭತ್ಯೆ ಏನೂ ಇಲ್ಲ. ಪಿಎಫ್ ಶೇಕಡಾ 12, ಅಂದರೆ 1,560. ಇಎಸ್‌ಐ (ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ) ಇದ್ದರೆ ಕೆಲಸಗಾರರ ಪಾಲು ಶೇಕಡಾ 0.75, ನೂರು ರೂಪಾಯಿಯ ಒಳಗೇ ಬರುತ್ತದೆ. ಮಾಲೀಕರ ಪಾಲು 3.25, ಅದನ್ನೂ ನಿಮ್ಮವರ ಪಗಾರದಿಂದಲೇ ಹಿಡಿದಿದ್ದರೆ ಅಲ್ಲೇ ಸಿಕ್ಕಿಬಿಡುತ್ತದೆ. ಪಗಾರವನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500, ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಗಂಟೆಗೆ 62 ರೂಪಾಯಿ 50 ಪೈಸೆ. ಓಟಿಗೆ, ಅಂದರೆ ಹೆಚ್ಚುವರಿ ಗಂಟೆಯ ದುಡಿಮೆಗೆ, ಎರಡು ಪಟ್ಟು, ಅಂದರೆ 125. ಈಗ ಕೇಳಿ, "ಹೋದ ತಿಂಗಳು ಓಟಿಗೆ ಎಷ್ಟು ಕೊಟ್ಟರು?" ಅಂತ. ಆಮೇಲೆ ನೀವು ಬಾಯಿ ಬಿಡೋದೇ ಬೇಡ, ಕ್ಲಾಸು ತಾನಾಗಿ ನಡೆಯುತ್ತದೆ.

ಗ್ರಾಚ್ಯುಟಿಯನ್ನು, ಅಂದರೆ ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಸಿಗುವ ಇಡುಗಂಟನ್ನು, ಇನ್ನೊಂದು ಭಾನುವಾರಕ್ಕೆ ಇಡಿ. ಅದೇ 13,000ಕ್ಕೆ 15 ದಿನದ್ದು 7,500. ಅದು ಒಂದೊಂದು ವರ್ಷದ ಸರ್ವಿಸಿಗೂ. ಹನ್ನೊಂದು ವರ್ಷ ದುಡಿದವನಿಗೆ 82,500. ಈ ಸಂಖ್ಯೆ ಹಲಗೆಯ ಮೇಲೆ ಬಿದ್ದಾಗ ಯಾರೂ ಆಕಳಿಸೋದಿಲ್ಲ, ನಾನು ನೋಡಿದ್ದೇನೆ. ಆದರೆ ಅಲ್ಲೇ ಒಬ್ಬರು ಕೇಳುತ್ತಾರೆ, "ನಮ್ಮ ಕಾಂಟ್ರಾಕ್ಟರ್ ಎರಡು ವರ್ಷಕ್ಕೊಮ್ಮೆ ಬದಲಾಗ್ತಾನಲ್ಲ?" ಇಲ್ಲಿ ಸುಮ್ನೆ ಭರವಸೆ ಕೊಡಬೇಡಿ. ಕಾಂಟ್ರಾಕ್ಟರ್ ಬದಲಾದಾಗ ಸರ್ವಿಸ್ ಮುಂದುವರಿಯಿತಾ, ಹೊಸದಾಗಿ ಶುರುವಾಯಿತಾ ಅನ್ನೋದು ಜಗಳದ ವಿಷಯ, ಸಾಕ್ಷಿ ಇದ್ದವರಿಗೆ ಬಲ ಜಾಸ್ತಿ. ಅದೇ ಗೇಟು, ಅದೇ ಕೆಲಸ ಅಂತ ತೋರಿಸೋಕೆ ಹಳೇ ಗೇಟ್ ಪಾಸ್, ಪಿಎಫ್ ಪಾಸ್‌ಬುಕ್ಕಿನ ಎಂಟ್ರಿ, ನೇಮಕದ ಪತ್ರ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಲಿ. ನಮ್ಮ ಕಡೆ ಮಳೆಗಾಲಕ್ಕೆ ಕಾಗದ ಉಳಿಯೋದಿಲ್ಲ, ನಿಮಗೆ ಗೊತ್ತಲ್ಲ, ಫೋಟೋನೂ ತೆಗೆದಿಡಲಿ.

ಇನ್ನೊಂದು ಮಾತು. 26 ಜನ ನಾಲ್ಕಾಗಿದ್ದಕ್ಕೆ ಬೇಜಾರೊಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಮೊದಲ ದಿನ ಗುಂಪು ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದಿರಾ? ಹಾಜರಿ ಪುಸ್ತಕಕ್ಕೆ ಸಹಿ ಮಾಡಿಸಿದಿರಾ? ಹಾಗಿದ್ದರೆ ಸೋಮವಾರ ಬೆಳಿಗ್ಗೆಯೇ ಸುಪರ್‌ವೈಸರ್‌ಗೆ ಹೆಸರು ಗೊತ್ತಾಗಿರುತ್ತದೆ. ಯೂನಿಯನ್ ಸೇರಿದ್ದಕ್ಕೆ ಕೆಲಸ ತೆಗೆಯೋದು ಕಾನೂನಿನ ಪ್ರಕಾರ ಅನ್ಯಾಯವೇ. ಹಾಗಂತ ಗೇಟ್ ಪಾಸ್ ಕಿತ್ತುಕೊಂಡ ಮೇಲೆ ಆ ಕಾನೂನು ಕೈಗೆ ಸಿಗೋದಕ್ಕೆ ವರ್ಷ ಹಿಡಿಯುತ್ತದೆ, ಮನೆಯಲ್ಲಿ ಅಕ್ಕಿ ಅಷ್ಟು ದಿನ ಬರೋದಿಲ್ಲ. ಹಾಗಾಗಿ ಫೋಟೋ ಬೇಡ, ಹಾಜರಿ ಬೇಡ, ಕಾಲೊನಿ ಬಿಟ್ಟು ಯಾರದಾದರೂ ಮನೆ ಹಿತ್ತಿಲಲ್ಲಿ ಕೂರಿ. ಕೊಂಕಣಿಯಲ್ಲಿ ಮಾತಾಡುವವರು ಹೆಚ್ಚಿದ್ದರೆ ಕೊಂಕಣಿಯಲ್ಲೇ ಮಾತಾಡಿ, ಹಲಗೆಯ ಮೇಲಿನ ಅಂಕಿಗೆ ಯಾವ ಭಾಷೆಯಾದರೇನು.

ಹಾಂ, ನಿಮ್ಮ ಕಾಯ್ದೆ ಪುಸ್ತಕ ಯಾವ ವರ್ಷದ್ದು ನೋಡಿಕೊಳ್ಳಿ. 2025ರ ನವೆಂಬರ್ 21ರಿಂದ 29 ಹಳೇ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಸಂಹಿತೆಗಳು (ಲೇಬರ್ ಕೋಡ್) ಬಂದಿವೆ. ಅದರಲ್ಲಿ ಕೆಲವು ನಿಯಮ ನಿಮ್ಮವರಿಗೆ ನೇರವಾಗಿ ತಾಗುತ್ತವೆ. ಕೆಲಸದಿಂದ ತೆಗೆದರೂ, ತಾನೇ ಬಿಟ್ಟರೂ ಬಾಕಿ ಪಗಾರ ಎರಡು ಕೆಲಸದ ದಿನದೊಳಗೆ ಕೊಡಬೇಕು. 20 ಅಥವಾ ಹೆಚ್ಚು ಜನ ಇರುವ ಕಡೆ ದೂರು ಪರಿಹಾರ ಸಮಿತಿ ಇರಬೇಕು, ಅದರಲ್ಲಿ ಕೆಲಸಗಾರರೂ ಸರಿಸಮ. ಮುಷ್ಕರಕ್ಕೆ ಮೊದಲು 14 ದಿನದ ನೋಟಿಸ್ ಎಲ್ಲ ಉದ್ಯಮಕ್ಕೂ ಬಂತು. ಇದನ್ನು ಯೂನಿಯನ್‌ಗಳು ವಿರೋಧಿಸಿವೆ, ನನಗೂ ಇಷ್ಟವಿಲ್ಲ. ಆದರೆ ಕ್ಲಾಸಿನಲ್ಲಿ ಮೊದಲು ಇರೋದನ್ನು ಇರೋ ಹಾಗೆ ಹೇಳಿ, ನಿಮ್ಮ ಸಿಟ್ಟನ್ನು ಆಮೇಲೆ ಬೇರೆಯಾಗಿ ಹೇಳಿ. ಎರಡನ್ನೂ ಕಲಸಿದರೆ ಯಾವುದು ಕಾನೂನು, ಯಾವುದು ಭಾಷಣ ಅಂತ ಕೇಳುವವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ನಾವು ಶಿರಸಿ ಕಡೆ ಅಡಿಕೆ ಸುಲಿಯುವ ಹೆಂಗಸರು. ಕಿಲೋ ಲೆಕ್ಕದ ಕೂಲಿ. ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ. ಕಂಪನಿಯೇ ಇಲ್ಲದವರಿಗೆ ಸಂಘ ಎಂತದು? ಮೇಲಾಗಿ ಅವರೆಲ್ಲ ಕಷ್ಟಕ್ಕೆ ಆಗುವ ಜನ, ಜಗಳ ಬೇಡ.

ಉತ್ತರ: ಸಂಘಕ್ಕೆ ಕಂಪನಿ ಬೇಕು ಅಂತ ಎಲ್ಲೂ ಇಲ್ಲ ತಂಗೀ. ಏಳು ಜನ ಸೇರಿ ನೋಂದಣಿಗೆ ಅರ್ಜಿ ಹಾಕಬಹುದು, 1926ರ ಟ್ರೇಡ್ ಯೂನಿಯನ್ ಕಾಯ್ದೆಯಿಂದಲೂ ಈ ಏಳರ ಲೆಕ್ಕ ಇದೆ. ಜೊತೆಗೆ ಆ ಕೆಲಸದಲ್ಲಿರುವವರ ಹತ್ತನೇ ಒಂದು ಪಾಲು ಇಲ್ಲವೇ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ನಿಮ್ಮಂಥವರ ಸಂಘದಲ್ಲಿ ಪದಾಧಿಕಾರಿಗಳಲ್ಲಿ ಕಡಿಮೆ ಅಂದರೂ ಅರ್ಧ ಜನ ಆ ಕೆಲಸ ಮಾಡುವವರೇ ಆಗಿರಬೇಕು. ಹೊರಗಿನಿಂದ ಯಾರೋ ಬಂದು ಪೂರ್ತಿ ಆಕ್ರಮಿಸುವ ಹಾಗಿಲ್ಲ.

ನಿಮಗೆ ಬೇರೆ ಕ್ಲಾಸು ಬೇಡವೇ ಬೇಡ. ಸುಗ್ಗಿಯಲ್ಲಿ ರಾತ್ರಿ ಅಂಗಳದಲ್ಲಿ ಲೈಟ್ ಹಾಕಿಕೊಂಡು ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಎದುರು ಸಾಲಾಗಿ ಕೂರುತ್ತೀರಿ. ಕೈ ಕೆಲಸ ಮಾಡುತ್ತಿರುತ್ತದೆ, ಬಾಯಿ ಖಾಲಿ. ಅದಕ್ಕಿಂತ ಒಳ್ಳೆ ಶಾಲೆ ಎಲ್ಲಿದೆ? ಒಂದು ವಾರ ಇಷ್ಟೇ ಮಾಡಿ. ಎಷ್ಟು ಗಂಟೆ ಕೂತಿರಿ, ಎಷ್ಟು ಕಿಲೋ ಆಯ್ತು, ಎಷ್ಟು ಸಿಕ್ಕಿತು ಅಂತ ಒಬ್ಬರು ಹೇಳಿ, ಶಾಲೆಗೆ ಹೋಗುವ ಹುಡುಗಿ ಬರೆದುಕೊಳ್ಳಲಿ. ಕಿಲೋ ಲೆಕ್ಕವಾದರೂ ಕೂಲಿ ಸರ್ಕಾರ ಗೊತ್ತುಮಾಡಿದ ಕನಿಷ್ಠಕ್ಕಿಂತ ಕೆಳಗೆ ಬೀಳಬಾರದು. ವಾರದ ಕೊನೆಗೆ ಗಂಟೆಗೆ ಎಷ್ಟು ಬಿತ್ತು ಅಂತ ನೀವೇ ನೋಡಿ. ಜಗಳ ಬೇಡ ಅಂದಿರಿ, ಸರಿ. ಸುಲಿಯೋದು ಶುರುವಾಗುವ ಮೊದಲೇ ಎಲ್ಲರೂ ಒಂದೇ ದರ ಹೇಳಿದರೆ ಜಗಳ ಯಾಕಾಗುತ್ತದೆ? ಒಬ್ಬಳು ಎರಡು ರೂಪಾಯಿ ಕಡಿಮೆಗೆ ಒಪ್ಪಿದಾಗ ಶುರುವಾಗುವುದು ನಿಮ್ಮೊಳಗಿನ ಜಗಳ. ಮೊದಲು ಮಾತಾಡಬೇಕಾದ್ದು ಅದನ್ನು, ಮನೆಯವರ ಹತ್ತಿರ ಆಮೇಲೆ.

ಇ-ಶ್ರಮ್ ಕಾರ್ಡ್ (ನಿಮ್ಮಂಥ ಅಸಂಘಟಿತ ಕೆಲಸಗಾರರ ಸರ್ಕಾರಿ ನೋಂದಣಿ) ಮಾಡಿಸಿಕೊಳ್ಳಿ. ಮರ ಹತ್ತುವ ಕೊನೆಗೌಡರನ್ನೂ ಸಂಘಕ್ಕೆ ಕರೆಯಿರಿ. ಅವರ ಕೆಲಸ ನಿಮ್ಮದಕ್ಕಿಂತ ಅಪಾಯದ್ದು, ಅವರೂ ಒಬ್ಬೊಬ್ಬರೇ ಇದ್ದಾರೆ.

ಪ್ರಶ್ನೆ: ಅಂಕೋಲಾದವನು. ನಮ್ಮ ಯೂನಿಯನ್ ಅಧ್ಯಕ್ಷರು ಒಳ್ಳೆಯವರೇ, ಆದರೆ ಹದಿನೈದು ವರ್ಷದಿಂದ ಅವರೇ ಮಾತಾಡೋದು, ಅವರೇ ಆಫೀಸಿಗೆ ಹೋಗೋದು. ಹೊಸಬರನ್ನು ತಯಾರು ಮಾಡೋದು ಹೇಗೆ?

ಉತ್ತರ: ನಿಮ್ಮ ತಾಲೂಕಿನ ದಿನಕರ ದೇಸಾಯಿಯವರನ್ನೇ ನೋಡಿ. ಚುಟುಕದ ದೇಸಾಯಿ ಅಂತ ಎಲ್ಲರಿಗೂ ಗೊತ್ತು. ಆದರೆ ಅವರು ಮುಂಬೈಯಲ್ಲಿ ಹಡಗಿನ ಕೆಲಸಗಾರರ ನಡುವೆ ದುಡಿದವರು, ಇಲ್ಲಿ ರೈತರನ್ನು ಒಟ್ಟುಮಾಡಿ ಜಿಲ್ಲೆಯಿಂದ ಗಡೀಪಾರಾದವರು. ಆಮೇಲೆ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಹೈಸ್ಕೂಲು ತಂದರು. ಸಂಘಟನೆ ಮಾಡಿದವರಿಗೆ ಶಾಲೆ ಯಾಕೆ ಬೇಕಾಯ್ತು ಅಂತ ನಿಮ್ಮ ಅಧ್ಯಕ್ಷರ ಹತ್ತಿರ ಒಮ್ಮೆ ಚಹಾ ಕುಡಿಯುತ್ತಾ ಕೇಳಿ. ಭಾಷಣ ಮಾಡಬೇಡಿ, ಕೇಳಿ ಅಷ್ಟೇ.

ಉಳಿದದ್ದು ಸಣ್ಣ ಸಣ್ಣ ಅಭ್ಯಾಸ. ಲೇಬರ್ ಆಫೀಸಿಗೆ ಅಧ್ಯಕ್ಷರ ಜೊತೆ ಪ್ರತಿ ಸಲ ಬೇರೆ ಒಬ್ಬ ಹೊಸಬ ಹೋಗಲಿ, ವಾಪಸ್ ಬಂದು ಸಭೆಯಲ್ಲಿ ಆ ಹೊಸಬನೇ ವರದಿ ಹೇಳಲಿ. ತೊದಲಲಿ, ಅಧ್ಯಕ್ಷರು ತಿದ್ದಬಾರದು. ನಡಾವಳಿ ಪುಸ್ತಕ ತಿಂಗಳಿಗೊಬ್ಬರು ಬರೆಯಲಿ. ರಸೀದಿ ಪುಸ್ತಕ, ಖರ್ಚಿನ ಲೆಕ್ಕ ಎಲ್ಲರೆದುರು ಓದಿ. ಎಷ್ಟೋ ಯೂನಿಯನ್ ಮಾಲೀಕರಿಂದಲ್ಲ, ಚಂದಾ ಲೆಕ್ಕದಿಂದ ಒಡೆದಿದ್ದು.

ಪ್ರಶ್ನೆ: ಇದನ್ನೆಲ್ಲ ಸರಿಯಾಗಿ ಕಲಿಸುವ ಸರ್ಕಾರಿ ತರಬೇತಿ ಇದೆಯಾ? (ಹೊನ್ನಾವರ)

ಉತ್ತರ: ಇದೆ. ಕೇಂದ್ರ ಸರ್ಕಾರದ ಕಾರ್ಮಿಕ ಶಿಕ್ಷಣ ಮಂಡಳಿ 1958ರಿಂದ ನಡೆಯುತ್ತಿದೆ. ಈಗ ಅದಕ್ಕೆ ದತ್ತೋಪಂತ ಠೇಂಗಡಿಯವರ ಹೆಸರು. ಅವರು 1955ರಲ್ಲಿ ಬಿಎಂಎಸ್ (ಭಾರತೀಯ ಮಜ್ದೂರ್ ಸಂಘ) ಕಟ್ಟಿದವರು. ಹಾಗಂತ ಬೇರೆ ಯೂನಿಯನ್‌ನವರು ಹಿಂಜರಿಯಬೇಕಿಲ್ಲ, ತರಬೇತಿ ಎಲ್ಲರಿಗೂ. ಅವರ ಪದ್ಧತಿ ನನಗೆ ಇಷ್ಟ: ಕೆಲಸಗಾರರಲ್ಲೇ ಕೆಲವರನ್ನು ಆರಿಸಿ ತರಬೇತಿ ಕೊಡುತ್ತಾರೆ, ಅವರು ತಮ್ಮ ಜಾಗಕ್ಕೆ ಮರಳಿ ಪಾಠ ಮಾಡುತ್ತಾರೆ. ನೋಯ್ಡಾದಲ್ಲಿ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಇದೆ, ಅದು ಸ್ವಲ್ಪ ಮೇಲಿನ ಹಂತದವರಿಗೆ. ಎಐಟಿಯುಸಿ, ಸಿಐಟಿಯು, ಇಂಟಕ್, ಬಿಎಂಎಸ್‌ನಂಥ ದೊಡ್ಡ ಯೂನಿಯನ್ ಒಕ್ಕೂಟಗಳು ತಮ್ಮವರಿಗೆ ತಾವೇ ಶಿಬಿರ ಮಾಡುತ್ತವೆ. ಕಳಿಸುವಾಗ ಇಬ್ಬರನ್ನು ಕಳಿಸಿ, ಅದರಲ್ಲೊಬ್ಬರು ಹೆಂಗಸಾಗಿರಲಿ, ಮತ್ತು ಆ ದಿನಗಳ ಕೂಲಿಯನ್ನು ಯೂನಿಯನ್ನೇ ಕೊಡಲಿ. ಕೂಲಿ ತಪ್ಪಿಸಿಕೊಂಡು ಎರಡನೇ ಸಲ ಯಾರೂ ಹೋಗುವುದಿಲ್ಲ.