ಎರಡು ಎಕರೆಯಲ್ಲಿ ಹಸು, ತರಕಾರಿ ಎರಡೂ ಮಾಡಿ ಸಂಸಾರ ನಡೆಸಬಹುದಾ?

ನಡೆಸಬಹುದು. ಆದರೆ ನೀವು ಬರೆದಿರುವ ಹಾಗೆ, ಬೆಂಗಳೂರಿನ ಕೆಲಸ ಬಿಟ್ಟು ಬಂದ ತಿಂಗಳೇ ಎರಡು ಹಸು ತಂದು ಉಳಿದ ಜಮೀನಿಗೆಲ್ಲ ಟೊಮೇಟೊ ಹಾಕುವ ಲೆಕ್ಕ ಬೇಡ. ನಮ್ಮದು ಕೋಲಾರದ ಪಕ್ಕ ಎರಡೂವರೆ ಎಕರೆ, ಮೂರು ಹಸು. ಕೆಲಸಕ್ಕೆ ನಾನು, ನನ್ನ ಹೆಂಡತಿ, ಅಮ್ಮ ಅಷ್ಟೇ.

ಮೊದಲು ನೀರು. ನಮ್ಮ ಕಡೆ ಸಾವಿರ ಅಡಿ ಕೊರೆದರೂ ಬೋರ್ ಫೇಲಾಗುವುದುಂಟು. ಮಳೆಗಾಲದಲ್ಲಿ ಬರುವ ನೀರು ನೋಡಿ ನಂಬಬೇಡಿ, ಏಪ್ರಿಲ್‌ನಲ್ಲಿ ಎಷ್ಟು ಬರುತ್ತದೆ ಅನ್ನುವುದೇ ಲೆಕ್ಕ.

ಆಮೇಲೆ ಮೇವು. ಒಂದು ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಫ್ರೀಜಿಯನ್ ಮಿಶ್ರತಳಿ) ಹಸುವಿಗೆ ದಿನಕ್ಕೆ 25-30 ಕೆಜಿ ಹಸಿ ಮೇವು ಬೇಕು, ಅದರ ಜೊತೆ ರಾಗಿ ಹುಲ್ಲು, ಹಿಂಡಿ, ಬೂಸಾ. ಹಸಿ ಮೇವನ್ನೂ ದುಡ್ಡು ಕೊಟ್ಟು ತಂದರೆ ಹಾಲಿನ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. ಹಾಗಾಗಿ ನೇಪಿಯರ್ ಅನ್ನುವ ಮೇವಿನ ಹುಲ್ಲಿನ ಕಡ್ಡಿ ಈಗಲೇ ನೆಡಿ, ಮೊದಲ ಕೊಯ್ಲಿಗೆ ಎರಡೂವರೆ, ಮೂರು ತಿಂಗಳು ಬೇಕು. ಅದು ಕೈಗೆ ಬಂದ ಮೇಲೆ ಒಂದು ಹಸು ತನ್ನಿ, ಐದಾರು ತಿಂಗಳು ಬಿಟ್ಟು ಇನ್ನೊಂದು. ಯಾಕಂದರೆ ಕರು ಹಾಕುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಬೇಕು. ಎರಡೂ ಒಟ್ಟಿಗೆ ಬತ್ತಿದರೆ ಡೇರಿಗೆ ಹಾಕಲು ಏನೂ ಇರುವುದಿಲ್ಲ, ಮೇವು ಮಾತ್ರ ದಿನಾ ಬೇಕೇ ಬೇಕು.

ಹೋದ ವರ್ಷ ನಮ್ಮ ಜಾಸ್ತಿ ಹಾಲು ಕೊಡುವ ಹಸುವಿಗೆ ಕೆಚ್ಚಲು ಬಾವು ಬಂತು. ಹಿಂದಿನ ಸಂಜೆಯೇ ಒಂದು ಮೊಲೆ ಮುಟ್ಟಿದರೆ ಬಿಸಿ ಇತ್ತು, ಒದೆಯಲು ಬಂದಿತ್ತು, ತರಕಾರಿ ಲೋಡ್ ಮಾಡುವ ಆತುರದಲ್ಲಿ ನಾನು ಗಮನ ಕೊಡಲಿಲ್ಲ. ಬೆಳಗ್ಗೆ ಕರೆದರೆ ಒಡೆದ ಮೊಸರಿನ ಥರ ಗರಣೆ ಬಂತು. ಡಾಕ್ಟರ್ ಬಂದು ಔಷಧಿ ಕೊಟ್ಟರೂ ಆ ಮೊಲೆ ಮತ್ತೆ ಹಾಲು ಬಿಡಲಿಲ್ಲ. ಆವತ್ತಿನಿಂದ ಅಮ್ಮ ಒಂದೊಂದು ಮೊಲೆಯ ಮೊದಲ ಎರಡು ಧಾರೆಯನ್ನು ಕಪ್ಪು ತಟ್ಟೆಗೆ ಕರೆದು, ಬಲ್ಬಿನ ಕೆಳಗೆ ಓರೆ ಮಾಡಿ ನೋಡಿ, ಆಮೇಲೆಯೇ ಪಾತ್ರೆ ಇಡುತ್ತಾರೆ. ಕರೆದ ತಕ್ಷಣ ಹಸು ಮಲಗಲು ಬಿಡಬೇಡಿ. ಮೊಲೆಯ ತೂತು ಇನ್ನೂ ತೆರೆದಿರುತ್ತದೆ, ನೆಲದ ಕೊಳೆ ಒಳಗೆ ಸೇರುತ್ತದೆ. ಮುಂದೆ ಮೇವು ಹಾಕಿದರೆ ಅರ್ಧ ಗಂಟೆ ನಿಂತೇ ಇರುತ್ತದೆ.

ಟೊಮೇಟೊ ಬಗ್ಗೆ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ಎಲ್ಲರೂ ಹೇಳುತ್ತಾರೆ. ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ಹೊಲದಲ್ಲೇ ಬಿಟ್ಟ ಸಲಗಳನ್ನೂ ಕೇಳಿ. ನಿಮಗೆ ಹತ್ತು ಗುಂಟೆ ಸಾಕು. ಉಳಿದದ್ದಕ್ಕೆ ಬೀನ್ಸ್, ಬದನೆ, ಮೂಲಂಗಿ ಹಾಕಿ. ಕೊತ್ತಂಬರಿಯನ್ನು ಒಂದೇ ಸಲ ಬಿತ್ತದೆ ವಾರಕ್ಕೊಂದು ಮಡಿ ಬಿತ್ತಿ. 40 ದಿನಕ್ಕೆ ಕೀಳಲು ಬರುತ್ತದೆ, ಆಮೇಲೆ ವಾರ ವಾರ ಕೈಗೆ ಕಾಸು. ಗೊಬ್ಬರ ಮಾತ್ರ ತಿಪ್ಪೆಯಲ್ಲಿ ಚೆನ್ನಾಗಿ ಕೊಳೆತದ್ದೇ ಹಾಕಿ, ಹಸಿ ಸಗಣಿ ಹಾಕಿದರೆ ಗೊಬ್ಬರದ ಹುಳ ಬೇರು ತಿನ್ನುತ್ತದೆ.

ನಿಮ್ಮ ಬೋರ್‌ನಲ್ಲಿ ಬೇಸಿಗೆಗೆ ಎಷ್ಟು ಇಂಚು ನೀರು ಬರುತ್ತದೆ ಹೇಳಿ. ಎಷ್ಟು ಗುಂಟೆಗೆ ಡ್ರಿಪ್ ಎಳೆಯಬಹುದು ಅಂತ ಲೆಕ್ಕ ಹಾಕೋಣ.