ಎರಡು ಎಆರ್‌ಪಿ ಬ್ಯಾಡ್ಜ್‌ಗಳು ನೋಡಲು ಒಂದೇ ತರಹ, ಬೆಲೆ ಮಾತ್ರ ಬೇರೆ: ಏಕೆ?

ಲೋಹ ಬೇರೆಯಿರಬಹುದು. ಎಆರ್‌ಪಿ ಎಂದರೆ ‘ಏರ್ ರೇಡ್ ಪ್ರಿಕಾಷನ್ಸ್’, ವೈಮಾನಿಕ ದಾಳಿಯ ಮುನ್ನೆಚ್ಚರಿಕೆ. ಬ್ರಿಟನ್ನಿನಲ್ಲಿ ಅಂಥ ದಾಳಿಯಿಂದ ಜನರನ್ನು ಕಾಪಾಡಲು ತರಬೇತಿ ಪಡೆದ ಸ್ವಯಂಸೇವಕರಿಗೆ ಈ ಬ್ಯಾಡ್ಜ್ ಕೊಡುತ್ತಿದ್ದರು. ಮೇಲೆ ಕಿರೀಟ, ಕೆಳಗೆ ಮೂರೇ ಅಕ್ಷರ. ವಿನ್ಯಾಸ ಶಿಲ್ಪಿ ಎರಿಕ್ ಗಿಲ್ ಅವರದು. ಮೊದಲ ವರ್ಷಗಳವು ಬೆಳ್ಳಿಯವು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಅಗ್ಗದ ಬಿಳಿ ಲೋಹಕ್ಕೆ ಇಳಿದರು.

ಭೂತಗನ್ನಡಿಯಲ್ಲಿ ಹಾಲ್‌ಮಾರ್ಕ್, ಅಂದರೆ ಲೋಹದ ಶುದ್ಧತೆ ಹೇಳುವ ಪುಟ್ಟ ಮುದ್ರೆಗಳನ್ನು ಹುಡುಕಿ. ನಡೆಯುವ ಸಿಂಹವಿದ್ದರೆ ಅದು ಶೇಕಡಾ 92.5 ಶುದ್ಧತೆಯ ಬೆಳ್ಳಿ. ಚಿರತೆಯ ತಲೆ ಲಂಡನ್ನಿನ ಗುರುತು. ಜೊತೆಗಿರುವ ಅಕ್ಷರ ವರ್ಷ ಹೇಳುತ್ತದೆ: ಎ ಎಂದರೆ 1936, ಬಿ 1937, ಹೀಗೆ. ಲಂಡನ್ನಿನಲ್ಲಿ ಅಕ್ಷರ ಬದಲಾಗುತ್ತಿದ್ದುದು ಮೇ ತಿಂಗಳಲ್ಲಿ, ಆದ್ದರಿಂದ ಒಂದು ಅಕ್ಷರ ಎರಡು ವರ್ಷಗಳಿಗೆ ಚಾಚುತ್ತದೆ.

ಇನ್ನು ಹಿಂಬದಿ. ಗಂಡಸರದಕ್ಕೆ ಕೋಟಿನ ಗುಂಡಿಕಾಜಿಗೆ ತೂರಿಸುವ ಅರ್ಧಚಂದ್ರದ ಪಟ್ಟಿ, ಹೆಂಗಸರದಕ್ಕೆ ಪಿನ್ನು. ಪಿನ್ನಿನ ಬುಡದಲ್ಲಿ ಒರಟು ಬೆಸುಗೆ ಕಂಡರೆ ಯಾರೋ ಆಮೇಲೆ ಬದಲಾಯಿಸಿದ್ದಾರೆಂದು ಅನುಮಾನಿಸಿ. ಅಂಥದಕ್ಕೆ ನಾನಂತೂ ಪೂರ್ತಿ ಬೆಲೆ ಕೊಡುವುದಿಲ್ಲ. ದಯವಿಟ್ಟು ಪಾಲಿಶ್ ಮಾಡಬೇಡಿ. ಉಜ್ಜಿ ಉಜ್ಜಿ ಮುದ್ರೆ ಅಳಿದರೆ ವರ್ಷ ಹೇಳುವ ಸಾಕ್ಷಿಯೇ ಹೋಗುತ್ತದೆ.